ಸತ್ತ ಸೆಟ್ಟಿನಲ್ಲಿ ಉಳಿಯುವ ಕರೆಂಟು: ಹಳೆಯ ಟಿ.ವಿ. ರಿಪೇರಿಯ ಮುಂಜಾಗ್ರತೆ

ಪಿಕ್ಚರ್ ಟ್ಯೂಬ್ ಇರುವ ಹಳೆಯ ಟಿ.ವಿ.ಯ ಕೆಲಸ ಕಲಿಯಲು ಬಂದವರಿಗೆ ಮೊದಲ ದಿನ ಸಿಗುವ ಎಚ್ಚರಿಕೆ ಒಂದೇ: ಟ್ಯೂಬಿನ ಮೇಲಿನ ರಬ್ಬರ್ ಕಪ್ ಮುಟ್ಟಬೇಡ. ಮಾತು ಸರಿಯೇ, ಆದರೆ ಅಷ್ಟನ್ನೇ ಕೇಳಿಸಿಕೊಂಡವರು ಪವರ್ ಸಪ್ಲೈ ಕಡೆಗೆ ಸಲೀಸಾಗಿ ಕೈ ಹಾಕುತ್ತಾರೆ. ಒಮ್ಮೆ ಲೆಕ್ಕ ಹಾಕಿ ನೋಡಿ. ಕಲರ್ ಟ್ಯೂಬಿನ ಆನೋಡಿನಲ್ಲಿ (ಆ ರಬ್ಬರ್ ಕಪ್ಪಿನ ಕೆಳಗಿರುವ ಹೈವೋಲ್ಟೇಜ್ ತುದಿಯಲ್ಲಿ) 25 ಕಿಲೋವೋಲ್ಟ್ ಇದ್ದು, ಟ್ಯೂಬಿನ ಗಾಜು 2 ನ್ಯಾನೋಫ್ಯಾರಡ್ ಕೆಪಾಸಿಟರಿನಂತೆ ಕೆಲಸ ಮಾಡಿದರೆ ಅದರಲ್ಲಿ ಕೂತಿರುವ ಶಕ್ತಿ 0.6 ಜೂಲ್ ಆಸುಪಾಸು. ಪವರ್ ಸಪ್ಲೈಯ 220 ಮೈಕ್ರೋಫ್ಯಾರಡ್, 400 ವೋಲ್ಟಿನ ಮೇನ್ ಫಿಲ್ಟರ್ ಕೆಪಾಸಿಟರ್ 325 ವೋಲ್ಟಿಗೆ ತುಂಬಿದ್ದರೆ ಅದರಲ್ಲಿರುವುದು 11 ಜೂಲ್‌ಗೂ ಹೆಚ್ಚು. ಟ್ಯೂಬಿನ ಏಟಿಗೆ ಕೈ ಎಗರುತ್ತದೆ. ಎಗರಿದ ಕೈ ಷಾಸಿಯ ಚೂಪು ಅಂಚಿಗೆ ತಗುಲುತ್ತದೆ, ಇಲ್ಲವೇ ಟ್ಯೂಬಿನ ಕತ್ತನ್ನೇ ಮುರಿಯುತ್ತದೆ. ಫಿಲ್ಟರ್ ಕೆಪಾಸಿಟರಿನ ಏಟು ಒಂದು ಕೈಯಿಂದ ಇನ್ನೊಂದು ಕೈಗೆ, ಎದೆಯನ್ನು ಹಾದು ಹೋದರೆ ಜೀವಕ್ಕೇ ಅಪಾಯ.

ಇನ್ನೊಂದು ವಿಷಯ ಹೊಸಬರಿಗೆ ಬೇಗ ಹೊಳೆಯುವುದಿಲ್ಲ. ಓಡುತ್ತಿರುವ ಸೆಟ್ಟಿಗಿಂತ ಸತ್ತ ಸೆಟ್ಟಿನ ಬಗ್ಗೆಯೇ ಹೆಚ್ಚು ಹುಷಾರಾಗಿರಬೇಕು. ಚೆನ್ನಾಗಿರುವ ಸೆಟ್ಟಿನ ಪ್ಲಗ್ ಕಿತ್ತರೆ ಪವರ್ ಸಪ್ಲೈ ಇನ್ನೂ ಒಂದೆರಡು ಕ್ಷಣ ಓಡಿ, ಕೆಪಾಸಿಟರಿನಲ್ಲಿದ್ದುದನ್ನು ತಾನೇ ತಿಂದು ಮುಗಿಸುತ್ತದೆ. ಸ್ಟಾರ್ಟಪ್ ರೆಸಿಸ್ಟರ್ ಓಪನ್ ಆಗಿ (ಒಳಗೇ ತುಂಡಾಗಿ) ಸಪ್ಲೈ ಏಳದೇ ಇರುವ ಸೆಟ್ಟಿನಲ್ಲಿ ಫ್ಯೂಸ್ ಸರಿಯಿರುತ್ತದೆ, ಡಯೋಡ್ ಬ್ರಿಡ್ಜ್ ಸರಿಯಿರುತ್ತದೆ, ಕೆಪಾಸಿಟರ್ ಪೂರ್ತಿ ತುಂಬುತ್ತದೆ. ಖಾಲಿ ಮಾಡುವವರು ಮಾತ್ರ ಯಾರೂ ಇಲ್ಲ. ಕೆಪಾಸಿಟರನ್ನು ತಾನಾಗಿ ಖಾಲಿ ಮಾಡುವ ಬ್ಲೀಡರ್ ರೆಸಿಸ್ಟರ್ ಎಲ್ಲ ಬೋರ್ಡಿನಲ್ಲೂ ಇರುವುದಿಲ್ಲ. ಹಾಗಾಗಿ ‘ಪ್ಲಗ್ ತೆಗೆದು ತುಂಬಾ ಹೊತ್ತಾಯಿತು’ ಎಂಬುದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಗಂಟೆಗಳಾದರೂ ಚಾರ್ಜ್ ಇದ್ದೀತು.

ಖಾಲಿ ಮಾಡಲು 2.2 ಕಿಲೋಓಮ್, 10 ವ್ಯಾಟಿನ ವೈರ್‌ವೂಂಡ್ ರೆಸಿಸ್ಟರ್ ಸಾಕು. ಅದರ ಎರಡೂ ತುದಿಗೆ ಚೆನ್ನಾಗಿ ಇನ್ಸುಲೇಟ್ ಮಾಡಿದ ಪ್ರೋಬ್ ಬೆಸೆದು, ಮೇಲೆ ಸ್ಲೀವ್ ಹಾಕಿ, ಬೆಂಚಿನ ಮೇಲೆ ಕೈಗೆ ಸಿಗುವಂತೆ ಇಡಿ. 220 ಮೈಕ್ರೋಫ್ಯಾರಡ್‌ಗೆ ಇದರ ಟೈಮ್ ಕಾನ್ಸ್ಟಂಟ್ ಅರ್ಧ ಸೆಕೆಂಡು, 5 ಸೆಕೆಂಡು ಹಿಡಿದರೆ ಏನೂ ಉಳಿಯುವುದಿಲ್ಲ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವ ಅಭ್ಯಾಸ ಬೇಡ. ಕರಗಿದ ಲೋಹ ಕಣ್ಣಿಗೆ ಹಾರಬಹುದು, ಬೋರ್ಡಿನ ಟ್ರ್ಯಾಕ್ ಸುಟ್ಟುಹೋಗಬಹುದು. ಖಾಲಿ ಮಾಡಿದ ಮೇಲೆ ಮೀಟರಿನಿಂದ ಅಳೆಯಿರಿ. ಆ ಮೀಟರ್ ಸರಿಯಾಗಿ ತೋರಿಸುತ್ತಿದೆಯೇ ಎಂದು ಗೊತ್ತಿರುವ ಒಂದು ವೋಲ್ಟೇಜಿನ ಮೇಲೆ ಮೊದಲೇ ನೋಡಿಕೊಂಡಿರಿ. ವೋಲ್ಟೇಜ್ ಡಬ್ಲರ್ ಇರುವ ಸೆಟ್ಟಿನಲ್ಲಿ ಕೆಪಾಸಿಟರ್ ಎರಡಿರುತ್ತವೆ, ಎರಡನ್ನೂ ಬೇರೆಬೇರೆಯಾಗಿ ನೋಡಬೇಕು.

ಅಳೆಯುವಾಗ ಮೀಟರಿನ ಕಪ್ಪು ಪ್ರೋಬ್ ಎಲ್ಲಿದೆ ಎಂಬುದು ಮುಖ್ಯ. ಬಹಳಷ್ಟು ಕಲರ್ ಸೆಟ್ಟುಗಳ ಬೋರ್ಡಿನಲ್ಲಿ ಗ್ರೌಂಡ್ ಎರಡು: ಮೇನ್ಸ್ ಕಡೆಯ ಹಾಟ್ ಗ್ರೌಂಡ್, ಟ್ಯೂನರ್ ಕಡೆಯ ಕೋಲ್ಡ್ ಗ್ರೌಂಡ್. ಇವೆರಡರ ನಡುವೆ ನೇರ ಸಂಪರ್ಕವಿಲ್ಲ. ಕಪ್ಪು ಪ್ರೋಬನ್ನು ಟ್ಯೂನರಿನ ಡಬ್ಬಿಗೆ ಸಿಕ್ಕಿಸಿ ಮೇನ್ ಕೆಪಾಸಿಟರ್ ಅಳೆದರೆ ಮೀಟರ್ ಸೊನ್ನೆಯನ್ನೋ ಅರ್ಥವಿಲ್ಲದ ಅಂಕಿಯನ್ನೋ ತೋರಿಸುತ್ತದೆ, 325 ವೋಲ್ಟ್ ಮಾತ್ರ ಅಲ್ಲೇ ಇರುತ್ತದೆ. ಆದ್ದರಿಂದ ಕೆಪಾಸಿಟರಿನ ಎರಡು ಕಾಲುಗಳ ಮೇಲೇ ಪ್ರೋಬ್ ಇಟ್ಟು ಅಳೆಯಿರಿ.

ಇನ್ನು ಟ್ಯೂಬು. ಕಪ್ಪು-ಬಿಳುಪು ಸೆಟ್ಟಿನಲ್ಲಿ ಸಾಮಾನ್ಯವಾಗಿ 10ರಿಂದ 18 ಕಿಲೋವೋಲ್ಟ್, ಕಲರ್ ಸೆಟ್ಟಿನಲ್ಲಿ 20ರಿಂದ 30. ಗಾಜಿನ ಒಳಗಿನ ಲೇಪನ ಒಂದು ಪ್ಲೇಟ್, ಹೊರಗಿನ ಕಪ್ಪು ಗ್ರಾಫೈಟ್ ಲೇಪನ ಇನ್ನೊಂದು. ಈ ಹೊರ ಲೇಪನಕ್ಕೆ ಒತ್ತಿಕೊಂಡು ಹೆಣೆದ ತಂತಿಯೊಂದು ಟ್ಯೂಬಿನ ಹಿಂಬದಿಯಲ್ಲಿ ಹಾದುಹೋಗಿರುತ್ತದೆ. ಡಿಸ್ಚಾರ್ಜ್ ಮಾಡಬೇಕಾದದ್ದು ಆ ತಂತಿಗೆ, ಷಾಸಿಗಲ್ಲ. ಷಾಸಿಗೆ ಮಾಡಿದರೆ ಆ ಕಿಡಿಯ ಕರೆಂಟು ದಾರಿಯಲ್ಲಿರುವ ಐಸಿಗಳನ್ನು ಸುಟ್ಟೀತು, ಒಂದು ದೋಷದ ಸೆಟ್ಟಿಗೆ ಇನ್ನೂ ನಾಲ್ಕು ದೋಷ ಸೇರೀತು. ಎಲ್ಲಕ್ಕಿಂತ ಒಳ್ಳೆಯ ಸಾಧನ ಇ.ಎಚ್.ಟಿ. (ಆನೋಡಿನ ಹೈವೋಲ್ಟೇಜ್) ಅಳೆಯುವ ಪ್ರೋಬ್. ಅದರ ಒಳಗೆ 1 ಗಿಗಾಓಮ್ ಆಸುಪಾಸಿನ ಪ್ರತಿರೋಧ ಇರುವುದರಿಂದ ಹತ್ತು ಹನ್ನೆರಡು ಸೆಕೆಂಡಿನಲ್ಲಿ ಕಿಡಿಯಿಲ್ಲದೆ ಖಾಲಿಯಾಗುತ್ತದೆ, ಮುಳ್ಳು ಇಳಿಯುವುದೂ ಕಣ್ಣಿಗೆ ಕಾಣುತ್ತದೆ. ಅದಿಲ್ಲದಿದ್ದರೆ ಉದ್ದನೆಯ, ತೆಳು ಅಲಗಿನ, ದಪ್ಪ ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರ್, ಹೈವೋಲ್ಟೇಜ್ ರೆಸಿಸ್ಟರ್, ಕ್ಲಿಪ್ ಇರುವ ವೈರು, ಈ ಮೂರನ್ನು ಒಂದರ ಹಿಂದೆ ಒಂದರಂತೆ ಜೋಡಿಸಿಕೊಳ್ಳಿ. ಮಾಮೂಲಿ ಕಾಲು ವ್ಯಾಟಿನ ರೆಸಿಸ್ಟರ್ ಒಂದನ್ನೇ ಇಟ್ಟರೆ ಕಿಡಿ ಅದರ ಮೈಮೇಲೇ ಹಾರಿಹೋಗುತ್ತದೆ.

ಕ್ರಮ ಹೀಗೆ: ಪ್ಲಗ್ ಹೊರಗೆ. ಕ್ಲಿಪ್ಪನ್ನು ಮೊದಲು ಹೆಣೆದ ತಂತಿಗೆ ಹಾಕಿ, ಎಳೆದು ನೋಡಿ. ಒಂದು ಕೈ ಬೆನ್ನ ಹಿಂದೆ ಅಥವಾ ಜೇಬಿನಲ್ಲಿ. ಇನ್ನೊಂದು ಕೈಯಿಂದ ಅಲಗನ್ನು ರಬ್ಬರ್ ಕಪ್ಪಿನ ಕೆಳಗೆ ಜಾರಿಸಿ, ಲೋಹದ ಕೊಂಡಿ ತಗುಲುವವರೆಗೆ ಒಯ್ದು ಕೆಲವು ಸೆಕೆಂಡು ಹಿಡಿಯಿರಿ. ಐದು ನಿಮಿಷ ಬಿಟ್ಟು ಮತ್ತೊಮ್ಮೆ ಮಾಡಿ. ಗಾಜು ತನ್ನೊಳಗೆ ಹೀರಿಕೊಂಡಿದ್ದ ಚಾರ್ಜು ನಿಧಾನವಾಗಿ ಹೊರಬಂದು ಟ್ಯೂಬು ತಾನಾಗಿ ಮತ್ತೆ ಒಂದಿಷ್ಟು ತುಂಬಿಕೊಳ್ಳುತ್ತದೆ. ಸುಮ್ಮನೆ ಪಕ್ಕಕ್ಕಿಟ್ಟ ಬಿಡಿ ಟ್ಯೂಬು ಎತ್ತುವಾಗ ಏಟು ಕೊಡುವುದಕ್ಕೆ ಇದೇ ಕಾರಣ. ಕಪ್ ತೆಗೆದ ಮೇಲೆ ಆನೋಡ್ ಗುಂಡಿಗೂ ಹೊರ ಲೇಪನಕ್ಕೂ ನಡುವೆ ಒಂದು ವೈರು ಹಾಕಿಟ್ಟರೆ ನಿಶ್ಚಿಂತೆ. ಜೋಡಿಸುವಾಗ ಅದನ್ನು ತೆಗೆಯುವುದನ್ನೂ, ಹೆಣೆದ ತಂತಿಯಿಂದ ಟ್ಯೂಬಿನ ಕತ್ತಿನ ಬೋರ್ಡಿಗೆ ಬರುವ ವೈರನ್ನು ಸಿಕ್ಕಿಸುವುದನ್ನೂ ಮರೆಯಬೇಡಿ. ಆ ವೈರು ಬಿಟ್ಟುಹೋದರೆ ಆನ್ ಮಾಡಿದ ಕೂಡಲೇ ಕಿಡಿ ತನಗೆ ತೋಚಿದ ದಾರಿ ಹಿಡಿಯುತ್ತದೆ.

ಸೆಟ್ ಆನ್ ಮಾಡಿ ಪರೀಕ್ಷಿಸುವ ಹಂತದಲ್ಲಿ ಮೇನ್ಸಿನ ನೇರ ಸಂಪರ್ಕ ತಪ್ಪಿಸುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಬ್ರಿಡ್ಜ್ ರೆಕ್ಟಿಫೈಯರ್ ಇದ್ದರೆ ಪ್ಲಗ್ಗನ್ನು ಯಾವ ಕಡೆ ತಿರುಗಿಸಿ ಹಾಕಿದರೂ ಹಾಟ್ ಗ್ರೌಂಡ್ ಪ್ರತಿ ಸೈಕಲಿನ ಅರ್ಧ ಹೊತ್ತು ಲೈವ್ ಆಗಿಯೇ ಇರುತ್ತದೆ. ಇನ್ನೂ ಹಳೆಯ, ಹಾಫ್ ವೇವ್ ರೆಕ್ಟಿಫೈಯರಿನ ಸೆಟ್ಟುಗಳಲ್ಲಿ ಪ್ಲಗ್ ತಿರುಗಿದರೆ ಇಡೀ ಷಾಸಿಯೇ ಲೈವ್. 300ರಿಂದ 500 ವಿ.ಎ. ಸಾಮರ್ಥ್ಯದ ಟ್ರಾನ್ಸ್‌ಫಾರ್ಮರ್ ಹೆಚ್ಚಿನ ಸೆಟ್ಟುಗಳಿಗೆ ಸಾಕಾಗುತ್ತದೆ. ವೋಲ್ಟೇಜ್ ಏರಿಳಿಸುವ ವೇರಿಯಾಕ್ ಇದಕ್ಕೆ ಬದಲಿಯಲ್ಲ. ಅದರ ಒಳಗೆ ಇರುವುದು ಒಂದೇ ಸುರುಳಿ, ಮೇನ್ಸಿಗೆ ನೇರ ಸಂಪರ್ಕ. ಐಸೊಲೇಶನ್ ಹಾಕಿದೆವೆಂದು ಎರಡು ಕೈಯಿಂದ ಎರಡು ಕಡೆ ಮುಟ್ಟಿದರೆ ಏಟು ಬಿದ್ದೇ ಬೀಳುತ್ತದೆ, ಮತ್ತು ಆಗ ಗೋಡೆಯ ಇ.ಎಲ್.ಸಿ.ಬಿ. (ಲೀಕೇಜ್ ಕಂಡರೆ ಕರೆಂಟು ಕಡಿಯುವ ಸ್ವಿಚ್) ಟ್ರಿಪ್ ಆಗುವುದೂ ಇಲ್ಲ. ಆಸಿಲೋಸ್ಕೋಪಿನ ಅರ್ಥ್ ಪಿನ್ ಕತ್ತರಿಸಿ ಹಾಟ್ ಕಡೆ ಅಳೆಯುವ ‘ಉಪಾಯ’ ಕೆಲವರಲ್ಲಿದೆ. ಹಾಗೆ ಮಾಡಿದರೆ ಸ್ಕೋಪಿನ ಇಡೀ ಮೈ ಲೈವ್ ಆಗುತ್ತದೆ. ಐಸೊಲೇಟ್ ಮಾಡಬೇಕಾದದ್ದು ಸೆಟ್ಟನ್ನು, ಸ್ಕೋಪನ್ನಲ್ಲ.

ಇದರ ಜೊತೆಗೆ ಸೆಟ್ಟಿಗೆ ಕರೆಂಟು ಹೋಗುವ ದಾರಿಯಲ್ಲೇ ಜೋಡಿಸುವ ಸೀರೀಸ್ ಬಲ್ಬು: 60ರಿಂದ 100 ವ್ಯಾಟಿನ ಹಳೆಯ ತಂತಿ ಬಲ್ಬು, ಎಲ್.ಇ.ಡಿ. ಅಲ್ಲ. ಕ್ಷಣ ಹೊಳೆದು ಮಂಕಾದರೆ ಮುಂದುವರಿಯಬಹುದು. ಪೂರ್ತಿ ಉರಿಯುತ್ತಲೇ ಇದ್ದರೆ ಶಾರ್ಟ್ ಇನ್ನೂ ಇದೆ. ಡಿಗಾಸಿಂಗ್ ಕಾಯಿಲ್ (ಟ್ಯೂಬಿಗೆ ಹಿಡಿದ ಕಾಂತತ್ವ ತೆಗೆಯುವ ಸುರುಳಿ) ಆರಂಭದಲ್ಲಿ ತುಂಬಾ ಕರೆಂಟು ಎಳೆದು ದಾರಿ ತಪ್ಪಿಸುವುದರಿಂದ ಅದರ ಪ್ಲಗ್ ಕಿತ್ತಿಡಿ. ದೊಡ್ಡ ಸೆಟ್ಟಿಗೆ 150-200 ವ್ಯಾಟಿನ ಬಲ್ಬು ಬೇಕಾದೀತು.

ಸಪ್ಲೈ ರಿಪೇರಿಯಾದ ತಕ್ಷಣ ಹಾರಿಜಾಂಟಲ್ ಸೆಕ್ಷನ್ (ಕಿರಣವನ್ನು ಅಡ್ಡಡ್ಡ ಓಡಿಸಿ, ಇ.ಎಚ್.ಟಿ.ಯನ್ನೂ ಹುಟ್ಟಿಸುವ ಭಾಗ) ಜೋಡಿಸಬೇಡಿ. ಹಾರಿಜಾಂಟಲ್ ಔಟ್‌ಪುಟ್‌ಗೆ ಹೋಗುವ ಬಿ-ಪ್ಲಸ್ (ಸಪ್ಲೈ ಕೊಡುವ ಮುಖ್ಯ ಡಿ.ಸಿ.) ಲೈನನ್ನು ಬಿಡಿಸಿ, ಅಲ್ಲಿ ಒಂದು ಬಲ್ಬನ್ನು ಲೋಡ್ ಆಗಿ ಹಾಕಿ ವೋಲ್ಟೇಜ್ ನೋಡಿ. ಅನೇಕ ಕಲರ್ ಸೆಟ್ಟುಗಳಲ್ಲಿ ಅದು 110ರಿಂದ 130 ವೋಲ್ಟ್; ನಿಮ್ಮ ಸೆಟ್ಟಿನ ನಿಖರ ಅಂಕಿ ಸರ್ಕ್ಯೂಟ್ ಡಯಾಗ್ರಾಮಿನಲ್ಲಿರುತ್ತದೆ. ಫೀಡ್‌ಬ್ಯಾಕಿನಲ್ಲಿರುವ ಪುಟ್ಟ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಣಗಿದ್ದರೆ ವೋಲ್ಟೇಜ್ ಮೇಲೇರುತ್ತದೆ, ಅದರ ಹಿಂದೆಯೇ ಇ.ಎಚ್.ಟಿ. ಕೂಡ. ಇ.ಎಚ್.ಟಿ. ಮಿತಿ ಮೀರಿದರೆ ಟ್ಯೂಬಿನಿಂದ ಎಕ್ಸ್-ರೇ ಹೊರಡುವುದೂ ಹೆಚ್ಚುತ್ತದೆ. ಅದನ್ನು ತಡೆಯಲೆಂದೇ ಸೆಟ್ಟನ್ನು ಆಫ್ ಮಾಡುವ ಪ್ರೊಟೆಕ್ಷನ್ ಸರ್ಕ್ಯೂಟ್ ಇರುತ್ತದೆ. ಸೆಟ್ ಪದೇಪದೇ ಆಫ್ ಆಗುತ್ತಿದೆಯೆಂದು ಅದನ್ನು ಕತ್ತರಿಸಿ ಓಡಿಸುವುದು ಈ ಕೆಲಸದ ಅತಿ ಕೆಟ್ಟ ಚಾಳಿ.

ಹಾರಿಜಾಂಟಲ್ ಟ್ರಾನ್ಸಿಸ್ಟರಿನ ಕಲೆಕ್ಟರಿಗೆ ಸೇರಿರುವ ಟ್ಯೂನಿಂಗ್ ಕೆಪಾಸಿಟರನ್ನೂ ಇದೇ ಸಾಲಿಗೆ ಸೇರಿಸಬೇಕು. ಕೆಲವೇ ನ್ಯಾನೋಫ್ಯಾರಡ್, ಆದರೆ 1.6 ಅಥವಾ 2 ಕಿಲೋವೋಲ್ಟಿನದು. ಅದು ಓಪನ್ ಆದರೆ, ಅಥವಾ ಅದರ ಜಾಗಕ್ಕೆ ಕಡಿಮೆ ಫ್ಯಾರಡಿನದು ಬಂದರೆ, ಪಲ್ಸ್ ಎತ್ತರವಾಗಿ ಟ್ರಾನ್ಸಿಸ್ಟರ್ ಶಾರ್ಟ್ ಆಗುತ್ತದೆ. ಟ್ಯೂಬಿನ ಕತ್ತಿನೊಳಗೇ ಕಿಡಿ ಹಾರುವುದೂ ಉಂಟು. ಕಲೆಕ್ಟರಿನಲ್ಲಿ ಮಾಮೂಲಾಗಿಯೇ ಸಾವಿರ ವೋಲ್ಟಿನ ಆಸುಪಾಸಿನ ಪಲ್ಸ್ ಇರುವುದರಿಂದ ಸಾಧಾರಣ ಮೀಟರನ್ನು ಅಲ್ಲಿಗೆ ತೋರಿಸಬೇಡಿ.

ಟ್ಯೂಬಿನ ಒಳಗೆ ನಿರ್ವಾತ. 21 ಇಂಚಿನ ಮುಖದ ಮೇಲೆ ಹೊರಗಿನ ಗಾಳಿಯ ಒತ್ತಡ ಒಂದು ಟನ್ನಿಗೂ ಹೆಚ್ಚು. ಕತ್ತು ಹಿಡಿದು ಎತ್ತಬಾರದು. ಮುಖ ಕೆಳಗೆ ಮಾಡಿ ದಪ್ಪ ಬಟ್ಟೆಯ ಮೇಲೆ ಇಡಿ, ಕಣ್ಣಿಗೆ ಕನ್ನಡಕ ಹಾಕಿ. ಕತ್ತಿಗೆ ತೊಡಿಸಿದ ಸುರುಳಿ (ಯೋಕ್) ಅಂಟಿಕೊಂಡಿದ್ದರೆ ತಿರುಚಿ ಎಳೆಯಬೇಡಿ.

ಡಯಾಗ್ರಾಮಿನಲ್ಲಿ ತ್ರಿಕೋನದೊಳಗೆ ಆಶ್ಚರ್ಯಸೂಚಕ ಚಿಹ್ನೆ ಇರುವ ಭಾಗಗಳಿಗೆ ಅದೇ ಜಾತಿಯ ಭಾಗವೇ ಬೇಕು. ಫ್ಯೂಸಿಬಲ್ ರೆಸಿಸ್ಟರ್ ಜಾಗಕ್ಕೆ ಕಾರ್ಬನ್ ರೆಸಿಸ್ಟರ್ ಹಾಕಿದರೆ ಮುಂದಿನ ಸಲ ಅದು ತುಂಡಾಗುವ ಬದಲು ಹೊತ್ತಿಕೊಳ್ಳುತ್ತದೆ. ಹಾಟ್ ಮತ್ತು ಕೋಲ್ಡ್ ಗ್ರೌಂಡಿನ ನಡುವಿನ ವೈ ಕೆಪಾಸಿಟರ್ ಜಾಗಕ್ಕೆ ಮಾಮೂಲಿ ಸೆರಾಮಿಕ್ ಹಾಕಿ ಅದು ಶಾರ್ಟ್ ಆದರೆ ಆಂಟೆನಾ ಸಾಕೆಟ್ಟಿಗೆ ಮೇನ್ಸ್ ಬರುತ್ತದೆ.

ಹಿಂಬದಿ ಮುಚ್ಚಿದ ಮೇಲೆ ಲೀಕೇಜ್ ಪರೀಕ್ಷೆ. ಇದಕ್ಕೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಬಿಡಿಸಿ, ಸೆಟ್ಟನ್ನು ನೇರ ಮೇನ್ಸಿಗೆ ಹಾಕಬೇಕು. 1.5 ಕಿಲೋಓಮ್, 10 ವ್ಯಾಟಿನ ರೆಸಿಸ್ಟರಿಗೆ 0.15 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಪ್ಯಾರಲಲ್ ಜೋಡಿಸಿ, ಒಂದು ತುದಿಯನ್ನು ಒಳ್ಳೆಯ ಅರ್ಥಿಗೆ ಕೊಟ್ಟು, ಇನ್ನೊಂದನ್ನು ಆಂಟೆನಾ ಸಾಕೆಟ್, ಎ.ವಿ. ಜ್ಯಾಕ್, ಹೊರಗೆ ಕಾಣುವ ಸ್ಕ್ರೂ, ಹೀಗೆ ಕೈಗೆ ಸಿಗುವ ಪ್ರತಿ ಲೋಹಕ್ಕೆ ಮುಟ್ಟಿಸುತ್ತಾ ರೆಸಿಸ್ಟರಿನ ಮೇಲಿನ ಎ.ಸಿ. ವೋಲ್ಟೇಜ್ ಅಳೆಯಿರಿ. ಅನೇಕ ಸರ್ವಿಸ್ ಮ್ಯಾನ್ಯುಯಲ್‌ಗಳು ಕೊಡುವ ಮಿತಿ 0.75 ವೋಲ್ಟ್, ಅಂದರೆ 0.5 ಮಿಲಿಆಂಪ್. ಎರಡು ಪಿನ್ನಿನ ಪ್ಲಗ್ ಆಗಿದ್ದರೆ ತಿರುಗಿಸಿ ಹಾಕಿ ಎಲ್ಲವನ್ನೂ ಮತ್ತೊಮ್ಮೆ ಅಳೆಯಿರಿ. ಒಂದು ಕಡೆ ಪಾಸಾದ ಸೆಟ್ಟು ಇನ್ನೊಂದು ಕಡೆ ಫೇಲಾಗಬಹುದು. ಫೇಲಾದರೆ ಮೊದಲು ನೋಡಬೇಕಾದದ್ದು ವೈ ಕೆಪಾಸಿಟರನ್ನು, ಆಮೇಲೆ ಮುಚ್ಚುವಾಗ ಸ್ಕ್ರೂ ಕೆಳಗೆ ಸಿಕ್ಕಿಕೊಂಡಿರಬಹುದಾದ ವೈರನ್ನು.