ರಾವಣನ ಕಾಮಾಲೆ ಬಿಟ್ಟಿತು

ಅಂತೂ ಬಿಳಿ ಬಣ್ಣ ಬಿಳಿಯಾಗಿಯೇ ನಿಂತಿದೆ! ಸಾಗುವಾನಿ ಹಲಗೆಯಲ್ಲಿ ತೆಂಕುತಿಟ್ಟು ಯಕ್ಷಗಾನದ ರಾವಣನ ಮುಖ. ಕೆತ್ತಿದ್ದು, ಉಪ್ಪುಕಾಗದ ತಿಕ್ಕಿದ್ದು ಎಲ್ಲ ಬಿಡಿ, ನಿಮಗೆ ಗೊತ್ತಿದ್ದದ್ದೇ. ತಲೆ ತಿಂದದ್ದು ಚಿಟ್ಟಿ.

ವೇಷಧಾರಿಗಳು ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಮುಳ್ಳುಮುಳ್ಳಾಗಿ ಎಬ್ಬಿಸುತ್ತಾರಲ್ಲ, ಅದೇ ಚಿಟ್ಟಿ, ನಾನು ಮರದಲ್ಲೇ ಎಬ್ಬಿಸಿದ್ದೆ. ಮೇಲೆ ಬಿಳಿ ಅಕ್ರಿಲಿಕ್ ಪ್ರೈಮರ್. ಬೆಳಿಗ್ಗೆ ಎದ್ದು ನೋಡಿದರೆ ಹಳದಿ. ಇನ್ನೊಂದು ಕೋಟ್ ಕೊಟ್ಟೆ, ಮತ್ತೂ ಹಳದಿ. ಮರದ ಎಳೆ ಅಡ್ಡ ಕಡಿದ ಜಾಗದಲ್ಲಂತೂ ಕಂದು ಕಲೆ. "ರಾವಣನಿಗೆ ಕಾಮಾಲೆ ರೀ, ಡಾಕ್ಟರ್ ಹತ್ರ ಕರ್ಕೊಂಡು ಹೋಗಿ" ಅಂದಳು ಹೆಂಡತಿ.

ಸಾಗುವಾನಿಯೊಳಗಿನ ಬಣ್ಣದ ಅಂಶ ಪ್ರೈಮರಿನ ನೀರಲ್ಲಿ ಕರಗಿ ಮೇಲೆ ಬರುತ್ತದೆ. ನಡುವೆ ಒಂದು ತಡೆ ಬೇಕು, ಅಂದರೆ ಚಪಡಾ, ಅರಗಿನ ಚಕ್ಕೆ. ಸ್ಪಿರಿಟ್‌ನಲ್ಲಿ ಅರಗು ಕರಗಿಸಿ ಬಳಿದರೆ ಮುಗೀತು, ಅಲ್ವಾ? ಮುಂಬಯಿ ಪಕ್ಕದ ಡೊಂಬಿವಲಿಯ ಜುಲೈ ಮಳೆಯಲ್ಲಿ ಮುಗಿಯಲ್ಲ. ಸ್ಪಿರಿಟ್ ಹಾರುವಾಗ ಮರದ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಬಂದು ಕೂರುತ್ತದೆ. ಪದರವೆಲ್ಲ ಬೂದುಬಿಳಿ. ಸ್ಪಿರಿಟ್‌ನಲ್ಲೇ ನೀರಿತ್ತು ಅಂತ ನನ್ನ ಗುಮಾನಿ. ಅಂಗಡಿಯವನನ್ನು ಕೇಳಿದರೆ ಮಳೆಗಾಲವನ್ನು ಬೈದ. ಮೇಲಿಂದ ಒಂದು ರೆಡಿಮೇಡ್ ಪಾಲಿಶ್ ಬಾಟಲಿ ತಲೆಗೆ ಕಟ್ಟಿದ. ಯಾವ ಕಾಲದ್ದೋ ಏನೋ, ವಾರ ಕಳೆದರೂ ಬೆರಳಿಟ್ಟರೆ ಅಚ್ಚು ಬೀಳುತ್ತಿತ್ತು. ಕರಗಿಸಿಟ್ಟ ಅರಗು ಹಳೆಯದಾದರೆ ಗಟ್ಟಿಯಾಗಿ ಒಣಗುವುದೇ ಇಲ್ಲ. ಬಾಟಲಿ ಮೇಲೆ ತಾರೀಕು ಹಾಕೋಕೆ ಏನು ಧಾಡಿ?

ಎಲ್ಲ ಕೆರೆದು ತೆಗೆದೆ. ಬೇರೆ ಅಂಗಡಿಯಿಂದ ಸ್ಪಿರಿಟ್, ಹೊಸ ಚಪಡಾ. ಕರಗಿದ ಮೇಲೆ ಅಲುಗಾಡಿಸದೆ ಇಟ್ಟರೆ ಅರಗಿನೊಳಗಿನ ಮೇಣ ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನಷ್ಟೇ ಬಸಿದುಕೊಂಡೆ, ಮೇಣದ ಮೇಲೆ ಅಕ್ರಿಲಿಕ್ ಸರಿಯಾಗಿ ಹಿಡಿಯಲ್ಲ. ಮಳೆ ಬಿಟ್ಟ ಮಧ್ಯಾಹ್ನ ಹಲಗೆಯನ್ನು 100 ವಾಟ್ ಬಲ್ಬಿನ ಕೆಳಗೆ ಬೆಚ್ಚಗೆ ಮಾಡಿ, ಬಲ್ಬ್ ಆರಿಸಿ ದೂರ ಇಟ್ಟು (ಸ್ಪಿರಿಟ್ ಸ್ವಾಮಿ, ಹುಷಾರು!) ತೆಳ್ಳಗೆ ಬಳಿದೆ. ಮೈ ಬೆಚ್ಚಗಿದ್ದರೆ ತೇವ ಕೂರುವುದಿಲ್ಲ. ಎಳೆ ಕಡಿದ ಕಡೆ ಒಂದು ಕೈ ಜಾಸ್ತಿ. ಆಮೇಲೆ ಪ್ರೈಮರ್. ವಾರವಾಯಿತು, ಚಿಟ್ಟಿ ಅಚ್ಚ ಬಿಳಿ.

ಕಣ್ಣಿನ ಕಪ್ಪು ಇನ್ನೂ ಬಾಕಿ ಇದೆ, ಮನಸ್ಸು ಆಗಲೇ ಕೊಪ್ಪಳದ ಕಿನ್ನಾಳಕ್ಕೆ ಓಡಿದೆ. ಅಲ್ಲಿ ಗೊಂಬೆಯ ಒಡವೆಗಳನ್ನು ಕೆತ್ತುವುದಿಲ್ಲ, ಕಲ್ಲಿನ ಪುಡಿಗೆ ಅಂಟು ಕಲಸಿ ಎಬ್ಬಿಸುತ್ತಾರೆ. ಮೈಗೆ ಬಳಿಯಲು ಮರದ ಹೊಟ್ಟು, ಹುಣಸೆಬೀಜದ ಅಂಟು ಸೇರಿಸಿದ ಕಿಟ್ಟ ಅನ್ನೋ ಲೇಪವೂ ಇದೆ. ಮುಂದಿನದು ಗೌರಿ ಮುಖ, ಹಗುರ ಮರದಲ್ಲಿ, ಅದೇ ರೀತಿ. ಹುಣಸೆಬೀಜ ಹುರಿದು ಡಬ್ಬಿ ತುಂಬಿಟ್ಟಿದ್ದೇನೆ. ನಮ್ಮ ಗಿರಣಿಯವನು ಮಾತ್ರ ಕಲ್ಲು ಹಾಳಾಗುತ್ತದೆ ಅಂತ ವಾಪಸ್ ಕಳಿಸಿದ. ಕಲ್ಯಾಣ್ ಕಡೆ ಬೀಸಿಕೊಡುವವರು ಯಾರಾದರೂ ಇದ್ದರೆ ಹೇಳಿ.