ಲ್ಯಾಂಕಾಸ್ಟರ್ ಹೊಟ್ಟೆಯ ಕೆಳಗೆ ಕಣ್ಣೇ ಇರಲಿಲ್ಲ

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಬಾಂಬರ್ ಕಮಾಂಡ್‌ನಲ್ಲಿ ಹಾರಿದವರು ಸುಮಾರು 1,25,000 ಮಂದಿ. ಸತ್ತವರು 55,573. (ಅವರ ಬಾಂಬಿಗೆ ಸಿಕ್ಕ ಜರ್ಮನ್ ನಾಗರಿಕರ ಲೆಕ್ಕ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅದಕ್ಕೆ ಬೇರೆಯೇ ಬರಹ ಬೇಕು.) ಶತ್ರುವಿನ ಗುಂಡು ಒಂದು ಕಾರಣ, ಸರಿ. ಆದರೆ ಏಟು ಬಿದ್ದ ಲ್ಯಾಂಕಾಸ್ಟರ್ ಬಾಂಬರ್ ವಿಮಾನದಿಂದ ಹೊರಗೆ ಹಾರಿ ಬದುಕಿದವರು ಅಷ್ಟು ಕಡಿಮೆ ಯಾಕೆ ಎಂಬುದಕ್ಕೆ ಉತ್ತರ ವಿಮಾನದ ಒಳಗೇ ಇದೆ.

ಲ್ಯಾಂಕಾಸ್ಟರ್‌ಗೆ ಮೂರು ಗನ್ ಟರೆಟ್ (ಗನ್ನರ್ ಕೂರುವ, ತಿರುಗುವ ಗೂಡು): ಮೂತಿಯಲ್ಲಿ ಎರಡು ಬ್ರೌನಿಂಗ್ ಮೆಷಿನ್ ಗನ್, ಬೆನ್ನ ಮೇಲೆ ಎರಡು, ಬಾಲದಲ್ಲಿ ನಾಲ್ಕು. ಎಂಟೂ .303 ಇಂಚಿನವು, ಅಂದರೆ ಕಾಲಾಳಿನ ರೈಫಲ್ಲಿಗೆ ಹಾಕುವಷ್ಟೇ ಗಾತ್ರದ ಗುಂಡು. ಹೊಟ್ಟೆಯಡಿ ಕಾವಲಿಲ್ಲ. ಮೊದಮೊದಲ ಕೆಲವು ವಿಮಾನಗಳಿಗೆ ಅಲ್ಲೂ ಒಂದು ಟರೆಟ್ ಇತ್ತು, ಅದನ್ನು ಕೈಬಿಟ್ಟರು. ಮುಂದೆ ಆ ಭಾಗದಲ್ಲಿ ನೆಲದ ಚಿತ್ರ ತೋರಿಸುವ ಎಚ್‌2ಎಸ್ ರೇಡಾರ್‌ನ ಗುಮ್ಮಟ ಬಂತು. ಹಿಂದಿನಿಂದ ತಗ್ಗಿನಲ್ಲಿ ನುಸುಳಿ ನೇರ ಕೆಳಗೆ ಬಂದು ನಿಂತ ಫೈಟರ್ ಒಳಗಿದ್ದ ಏಳು ಜನ ಸಿಬ್ಬಂದಿಯಲ್ಲಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಜರ್ಮನರು ಇದನ್ನು ಚೆನ್ನಾಗಿ ಹಿಡಿದುಕೊಂಡರು. ಮೆಸರ್‌ಶ್ಮಿಟ್ 110ರಂಥ ಅವಳಿ ಎಂಜಿನ್ ಫೈಟರ್‌ನ ಕಾಕ್‌ಪಿಟ್ ಹಿಂದೆ ಎರಡು 20 ಮಿ.ಮೀ. ಕ್ಯಾನನ್‌ಗಳನ್ನು ಸುಮಾರು 65ರಿಂದ 70 ಡಿಗ್ರಿ ಮೇಲ್ಮುಖವಾಗಿ ಕೂರಿಸಿದರು. ಪೈಲಟ್‌ನ ತಲೆಯ ಮೇಲೊಂದು ಗುರಿಗಾಜು. ಬಾಂಬರ್‌ನ ಕೆಳಗೆ ಅದೇ ವೇಗದಲ್ಲಿ ಸಾಗುತ್ತಾ, ನಿಧಾನವಾಗಿ ಗುರಿ ಹಿಡಿಯಬಹುದು. ಹೊಟ್ಟೆಗೆ ಹೊಡೆಯುತ್ತಿರಲಿಲ್ಲ; ಬಾಂಬು ಸಿಡಿದರೆ ತಾನೂ ಹೋದಂತೆ. ಎರಡು ಎಂಜಿನ್‌ಗಳ ನಡುವಿನ ರೆಕ್ಕೆಗೆ ಹೊಡೆಯುತ್ತಿದ್ದರು. ಲ್ಯಾಂಕಾಸ್ಟರ್‌ನ 2,154 ಗ್ಯಾಲನ್ ಪೆಟ್ರೋಲು ಇದ್ದದ್ದು ರೆಕ್ಕೆಗಳ ಆರು ಟ್ಯಾಂಕ್‌ಗಳಲ್ಲಿ. ಹೊಳೆಯುತ್ತ ಹಾರುವ ಟ್ರೇಸರ್ ಗುಂಡು ಹಾಕದೆ ಹೊಡೆದರೆ ಗುಂಡಿನ ಜಾಡೂ ಕಾಣುವುದಿಲ್ಲ. ಇದಕ್ಕೆ ಅವರಿಟ್ಟ ಹೆಸರು ‘ಶ್ರೇಗೆ ಮ್ಯೂಸೀಕ್’, ಅಂದರೆ ಓರೆ ಸಂಗೀತ. 1943ರ ಆಗಸ್ಟ್ 17ರ ರಾತ್ರಿ ಜರ್ಮನರ ರಾಕೆಟ್ ಕೇಂದ್ರ ಪೀನಮುಂಡೆಯ ಮೇಲೆ ಬ್ರಿಟಿಷರು ದಾಳಿ ಮಾಡಿದಾಗ ಇದನ್ನು ಬಳಸಿದರು. ಆ ರಾತ್ರಿ ಹೊರಟ 596 ವಿಮಾನಗಳಲ್ಲಿ 40 ಮರಳಲಿಲ್ಲ.

ಇದ್ದಕ್ಕಿದ್ದಂತೆ ಪಕ್ಕದ ಬಾಂಬರ್ ಬೆಂಕಿಯುಂಡೆಯಾಗುವುದನ್ನು ಕಂಡ ಸಿಬ್ಬಂದಿಗೆ ಸಿಕ್ಕ ವಿವರಣೆ: ಅದು ‘ಸ್ಕೇರ್‌ಕ್ರೋ’, ಹೆದರಿಸಲೆಂದು ಜರ್ಮನರು ಹಾರಿಸುವ ಹುಸಿ ಶೆಲ್. ಅಂಥ ಶೆಲ್ ಜರ್ಮನರ ಬಳಿ ಇರಲೇ ಇಲ್ಲ. ಸಿಡಿಯುತ್ತಿದ್ದದ್ದು ನಿಜವಾದ ವಿಮಾನಗಳು, ಒಳಗೆ ಏಳೇಳು ಜನ. ಈ ಸಂಗತಿ ನನ್ನನ್ನು ಇವತ್ತಿಗೂ ಕೆರಳಿಸುತ್ತದೆ. ಅಪಾಯ ಎಲ್ಲಿಂದ ಬರುತ್ತಿದೆ ಎಂದು ಗೊತ್ತಿದ್ದರೆ ಪೈಲಟ್ ಆಗಾಗ ರೆಕ್ಕೆ ವಾಲಿಸಿ ಕೆಳಗೆ ನೋಡುವ ಅವಕಾಶವನ್ನಾದರೂ ಗನ್ನರ್‌ಗೆ ಕೊಡುತ್ತಿದ್ದ.

ಹಿಂದಿನಿಂದ ಬರುವ ಫೈಟರ್ ಪತ್ತೆಗೆ ಬಾಲದಲ್ಲಿ ‘ಮೋನಿಕಾ’ ಎಂಬ ರೇಡಾರ್ ಹಾಕಿದ್ದರು. ಅದು ಸೂಸುವ ಅಲೆಗಳನ್ನೇ ಹಿಡಿದು ಬರುವ ‘ಫ್ಲೆನ್ಸ್‌ಬರ್ಗ್’ ಗ್ರಾಹಕವನ್ನು ಜರ್ಮನರು ಮಾಡಿಕೊಂಡರು. 1944ರ ಜುಲೈ 13ರಂದು ದಾರಿ ತಪ್ಪಿದ ಒಂದು ಜರ್ಮನ್ ಫೈಟರ್, ಯುಂಕರ್ಸ್ 88, ಇಂಗ್ಲೆಂಡಿನ ವುಡ್‌ಬ್ರಿಜ್‌ನಲ್ಲಿ ಇಳಿದ ಮೇಲೆ ಈ ಗುಟ್ಟು ಹೊರಬಿತ್ತು, ಮೋನಿಕಾವನ್ನು ಕಿತ್ತು ಹಾಕಿದರು.

ಶತ್ರು ಕಂಡರೆ ಮಾತ್ರ ಕಾರ್ಕ್‌ಸ್ಕ್ರೂ, ಅಂದರೆ ತಿರುಪಿನಂತೆ ಹೊರಳುತ್ತಾ ತಪ್ಪಿಸಿಕೊಳ್ಳುವ ಹಾರಾಟ. ಫೈಟರ್ ಯಾವ ಕಡೆಯಿಂದ ಬರುತ್ತದೋ ಆ ಕಡೆಗೇ ತಿರುಗಬೇಕು. ಆಗ ಅದು ಇನ್ನೂ ಬಿಗಿಯಾಗಿ ತಿರುಗದೆ ಗುರಿ ಹಿಡಿಯಲಾಗದು. ಗನ್ನರ್ “ಕಾರ್ಕ್‌ಸ್ಕ್ರೂ ಪೋರ್ಟ್, ಗೋ!” ಎಂದ ಕ್ಷಣ ಪೈಲಟ್ ವಿಮಾನವನ್ನು ಎಡಕ್ಕೆ ವಾಲಿಸಿ ಕೆಳಕ್ಕೆ ನೂಕುತ್ತಾನೆ. ಇಳಿಯುತ್ತಲೇ ಬಲಕ್ಕೆ ಹೊರಳಿಸಿ, ಬಲಕ್ಕೇ ಮೇಲೇರಿ, ಮತ್ತೆ ಎಡಕ್ಕೆ ಹೊರಳಿ ಮೊದಲಿನ ದಿಕ್ಕಿಗೆ ಬರುತ್ತಾನೆ. ಪ್ರತಿ ಹೊರಳಿಗೂ ಇಂಟರ್‌ಕಾಮ್‌ನಲ್ಲಿ ಕೂಗಿ ಹೇಳಬೇಕು, ಇಲ್ಲದಿದ್ದರೆ ಎಷ್ಟು ಮುಂದಕ್ಕೆ ಗುರಿ ಇಡಬೇಕೆಂದು ಗನ್ನರ್‌ಗೆ ತಿಳಿಯದು. ಬಾಂಬು ತುಂಬಿದ ವಿಮಾನದಲ್ಲಿ ಇದನ್ನು ಮಾಡಲು ತೋಳಿನ ಬಲವೆಲ್ಲ ಬೇಕು.

ಬೆಂಕಿ ಹತ್ತಿದ ಮೇಲೆ? ಮುಂದಿನ ಐವರಿಗೆ ಮೂತಿಯ ನೆಲದಲ್ಲಿದ್ದ ಕಿಂಡಿಯೇ ದಾರಿ. ಅಗಲ 22 ಇಂಚು, ಉದ್ದ 26.5 ಇಂಚು. ದಪ್ಪ ಉಡುಪು, ಲೈಫ್ ಜಾಕೆಟ್, ಎದೆಗೆ ಸಿಕ್ಕಿಸಿದ ಪ್ಯಾರಾಚೂಟ್ ಸಮೇತ, ಗಿರಕಿ ಹೊಡೆಯುವ ವಿಮಾನದ ಕತ್ತಲಲ್ಲಿ ಒಬ್ಬರಾದ ಮೇಲೊಬ್ಬರು ಅದರಲ್ಲಿ ತೂರಬೇಕು. ಪೈಲಟ್‌ನದು ಕೊನೆಯ ಸರದಿ.

ಬಾಲದ ಗನ್ನರ್‌ನ ಪಾಡು ಬೇರೆ. ಟರೆಟ್ ಇಕ್ಕಟ್ಟು, ಪ್ಯಾರಾಚೂಟ್ ಇರುವುದು ಬಾಗಿಲಾಚೆ, ವಿಮಾನದ ಒಡಲೊಳಗೆ. ಮೊದಲು ಟರೆಟ್ಟನ್ನು ನೇರಕ್ಕೆ ತಿರುಗಿಸಿ, ಹಿಂದಿನ ಬಾಗಿಲು ತೆಗೆದು, ಕೈ ಚಾಚಿ ಪ್ಯಾರಾಚೂಟ್ ಎಳೆದುಕೊಳ್ಳಬೇಕು. ಅದನ್ನು ಎದೆಗೆ ಸಿಕ್ಕಿಸಿ, ಟರೆಟ್ಟನ್ನು ಪಕ್ಕಕ್ಕೆ ಹೊರಳಿಸಿ, ಬೆನ್ನ ಹಿಂದಕ್ಕೆ ಬೀಳಬೇಕು. ಈ ಟರೆಟ್ ತಿರುಗಿಸುವ ಹೈಡ್ರಾಲಿಕ್ ಒತ್ತಡ ಬರುತ್ತಿದ್ದದ್ದು ಎಡ ರೆಕ್ಕೆಯ ಹೊರಗಡೆಯ ಎಂಜಿನ್‌ನಿಂದ. ಆ ಎಂಜಿನ್ ನಿಂತರೆ ಕೈಹಿಡಿಯಿಂದ ತಿರುಗಿಸುತ್ತಾ ಕೂರಬೇಕು. 1944ರ ಮಾರ್ಚ್ 24ರ ರಾತ್ರಿ ಬರ್ಲಿನ್‌ನಿಂದ ಮರಳುವಾಗ ನಿಕೋಲಸ್ ಆಲ್ಕೆಮೇಡ್ ಎಂಬ ಬಾಲದ ಗನ್ನರ್ ಬಾಗಿಲು ತೆಗೆದರೆ ಅವನ ಪ್ಯಾರಾಚೂಟ್ ಉರಿಯುತ್ತಿತ್ತು. ಸುಮಾರು 18,000 ಅಡಿ ಎತ್ತರದಿಂದ ಹಾಗೆಯೇ ಹಾರಿದ. ಪೈನ್ ಮರಗಳ ಕೊಂಬೆ ಮತ್ತು ಹಿಮ ಅವನನ್ನು ಉಳಿಸಿದವು. ಪ್ಯಾರಾಚೂಟ್ ಇಲ್ಲದೆ ಬಿದ್ದೆ ಎಂದರೆ ಜರ್ಮನರು ಮೊದಲು ನಂಬಲೇ ಇಲ್ಲ.

ಬಾಂಬರ್ ಕಮಾಂಡ್‌ನ ಕಾರ್ಯಾಚರಣೆ ಸಂಶೋಧನಾ ವಿಭಾಗದಲ್ಲಿದ್ದ ಯುವಕ ಫ್ರೀಮನ್ ಡೈಸನ್ ಬದುಕಿದವರ ಪ್ರಮಾಣ ತೆಗೆದಾಗ ಕಂಡದ್ದು ಇದು: ಉರುಳಿದ ಹ್ಯಾಲಿಫ್ಯಾಕ್ಸ್ ಎಂಬ ಇನ್ನೊಂದು ಬ್ರಿಟಿಷ್ ಬಾಂಬರ್‌ನಿಂದ ಶೇ. 25ರಷ್ಟು ಮಂದಿ ಉಳಿಯುತ್ತಿದ್ದರು, ಲ್ಯಾಂಕಾಸ್ಟರ್‌ನಿಂದ ಶೇ. 15. ಎರಡೂ ಹಾರಿದ್ದು ಅದೇ ಆಕಾಶದಲ್ಲಿ, ಅದೇ ರಾತ್ರಿಗಳಲ್ಲಿ. ಹ್ಯಾಲಿಫ್ಯಾಕ್ಸ್‌ನ ಕಿಂಡಿ ಎರಡು ಇಂಚು ಹೆಚ್ಚು ಅಗಲವಿತ್ತು. ಕಿಂಡಿ ದೊಡ್ಡದು ಮಾಡಿಸಲು ಡೈಸನ್‌ನ ಸಹೋದ್ಯೋಗಿಯೊಬ್ಬ ಕಡತಗಳ ಜೊತೆ ಗುದ್ದಾಡಿದ. ಅನುಮತಿ ಸಿಕ್ಕು ಅದು ಜಾರಿಗೆ ಬರುವ ಹೊತ್ತಿಗೆ ಯುದ್ಧ ಬಹುತೇಕ ಮುಗಿದಿತ್ತು.