ಬೆಟ್ಟದ ಮೇಲೊಬ್ಬ ಕಬ್ಬನ್

ಭಾನುವಾರ ಬೆಳಗಿನ ಜಾವ ನಾನು, ಅಕ್ಕನ ಮಗಳು ನಂದಿ ಬೆಟ್ಟಕ್ಕೆ ಹೋಗಿದ್ದೆವು. ಸೂರ್ಯೋದಯ ನೋಡೋಣ ಅಂತ. ಎಲ್ಲಿ, ಬರೀ ಮಂಜು! ಸುಮ್ನೆ ನೆಹರು ನಿಲಯದ ಕಡೆ ನಡೆದೆವು.

"ಇದು ಕಬ್ಬನ್ ಸಾಹೇಬನ ಬಂಗಲೆ ಕಣೇ" ಅಂದೆ.

"ಮಾಮ, ಕಬ್ಬನ್ ಪಾರ್ಕ್ ಇರೋದು ಬೆಂಗಳೂರಲ್ಲಿ ಅಲ್ವಾ?"

ಇರೋದು ಅಲ್ಲೇ. ಆದರೆ ಆತ ಬೇಸಿಗೆ ಕಳೆಯುತ್ತಿದ್ದದ್ದು ನಮ್ಮ ಬೆಟ್ಟದ ಮೇಲೆ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್, ಊರಿಗೆ ವಾಪಸ್ ಹೋಗುವ ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡ. ಪಾರ್ಕ್ ಆಗಿದ್ದು 1870ರಲ್ಲಿ. ಅಂದರೆ ತನ್ನ ಹೆಸರಿನ ಪಾರ್ಕನ್ನು ಆತ ನೋಡಲೇ ಇಲ್ಲ. ಮೊದಲು ಅದಕ್ಕೆ ಮೀಡ್ಸ್ ಪಾರ್ಕ್ ಅಂತ ಬೇರೆಯವರ ಹೆಸರಿತ್ತು. 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವನ ಅಂತ ಮತ್ತೆ ಹೆಸರಿಟ್ಟರು. ಯಾರು ಹಾಗೆ ಕರೆಯುತ್ತಾರೆ ಹೇಳಿ? ಆಟೋದವರಿಗೆ ಹಾಗಂದರೆ ಮುಖ ನೋಡುತ್ತಾರೆ ಅಷ್ಟೇ.

ಅದೇ 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ಇದೇ ಬೆಟ್ಟಕ್ಕೆ ಬಂದಿದ್ದರು. ಈಗ ಬೆಟ್ಟದಲ್ಲಿ ಗಾಂಧಿ ನಿಲಯ, ನೆಹರು ನಿಲಯ. ಕಬ್ಬನ್ ಹೆಸರು ಇಲ್ಲಿ ಅಳಿಸಿತು, ಅಲ್ಲಿ ಬದಲಿಸಿದರೂ ಹೋಗಲಿಲ್ಲ. ನನಗಂತೂ ಇದು ತಮಾಷೆ ಅನ್ನಿಸಿತು.

ಇಷ್ಟೆಲ್ಲ ವಿವರಿಸುವಷ್ಟರಲ್ಲಿ ಅವಳ ಕೈಯಲ್ಲಿದ್ದ ಚುರುಮುರಿ ಪೊಟ್ಟಣವನ್ನು ಕೋತಿ ಕಿತ್ತುಕೊಂಡು ಮರ ಹತ್ತಿತ್ತು. "ಮಾಮ, ನಿಮ್ಮ ಕಥೆಯಿಂದಲೇ ಆಗಿದ್ದು" ಅಂತ ಕೆಳಗಿಳಿಯುವ ತನಕ ಬೈಸಿಕೊಂಡೆ.